ಅಕಿನ್ನ ಒಂದ್ ಮಾತ ಕೇಳ್ರಿ

ವಿಜಯಪುರದಿಂದ ಟಿಕೋಟಾ ಕಡೆಗೆ ಹೋಗುವ ರಸ್ತೆಯ ಎರಡೂ ಬದಿ ದ್ರಾಕ್ಷಿ ಪಡಗಳನ್ನು ಬೆಳೆಸಿದವರು ನೀವು. ಬಬಲೇಶ್ವರದ ಎರಿ ಹೊಲಕ್ಕೆ ಕೃಷ್ಣೆಯ ನೀರು ಬರಲೆಂದು ವರ್ಷಗಟ್ಟಲೆ ಕಾದವರು, ಕೂಗಿದವರು, ಕಡೆಗೂ ತರಿಸಿಕೊಂಡವರು ನೀವು. ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬದುಕಿದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿಯಲ್ಲಿ ದೇಹ ಬಿಟ್ಟಾಗ, ನಾಡಿನ ಮೂಲೆಮೂಲೆಯಿಂದ ಬಂದ ಲಕ್ಷಾಂತರ ಜನರಿಗೆ ಯಾವ ಊರು, ಯಾವ ಜಾತಿ ಎಂದು ಕೇಳದೆ ಅನ್ನ ನೀರು ಕೊಟ್ಟವರೂ ನೀವೇ. ನಿಮ್ಮ ಕರುಳಿನ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನವಿದ್ದಿದ್ದರೆ ಈ ಮಾತನ್ನು ನಿಮ್ಮ ಮುಂದೆ ಇಡುತ್ತಲೇ ಇರಲಿಲ್ಲ.

ನಿಮ್ಮದೇ ಮನೆಯ ಪಡಸಾಲೆಯ ಆಚೆ, ಒಲೆಯ ಹತ್ತಿರ, ಬಚ್ಚಲದ ಬಾಗಿಲ ಹಿಂದೆ, ಹೊಲದ ಬದುವಿನ ಮರೆಯಲ್ಲಿ ಒಂದು ನೋವು ಇದೆ. ಅದನ್ನು ಜೋರಾಗಿ ಹೇಳುವ ರೂಢಿ ನಮ್ಮಲ್ಲಿಲ್ಲ. ಮುಟ್ಟಿನ ನೋವು, ಬಿಳಿ ಹೋಗುವ ನೋವು, ಬೇಡವಾದ ಬಸಿರಿನ ದಿಗಿಲು, ಹೆರಿಗೆ ಕೋಣೆಯಲ್ಲಿ ಬಿದ್ದ ಬೈಗುಳ, ಜಾರಿದ ಗರ್ಭಚೀಲವನ್ನು ಹೊತ್ತುಕೊಂಡೇ ಹತ್ತು ವರ್ಷ ಬಿಂದಿಗೆ ನೀರು ತಂದ ದೇಹ. ನಿಮ್ಮ ಅವ್ವನಿಗೆ ಇದು ಇತ್ತು. ನಿಮ್ಮ ಅಕ್ಕನಿಗೆ ಇದೆ. ನಿಮ್ಮ ಹೆಂಡತಿಗೆ ಇರಬಹುದು, ಆಕೆ ಹೇಳಿರಲಿಕ್ಕಿಲ್ಲ. ನಿಮಗೆ ಗೊತ್ತು. ಗೊತ್ತಿದ್ದೂ ಮುಖ ಆಚೆ ತಿರುಗಿಸಿದ್ದೇವೆ. ಅದು ಹೆಂಗಸರ ವಿಷಯ, ಅವರೇ ನೋಡಿಕೊಳ್ಳುತ್ತಾರೆ ಎಂದಿದ್ದೇವೆ.

ಒಂದು ದವಾಖಾನೆಯ ಬೆಳಗನ್ನು ನೆನಪಿಗೆ ತಂದುಕೊಳ್ಳಿ. ಯಾವ ದವಾಖಾನೆ ಎಂದು ಹೆಸರು ಹಿಡಿದು ಹೇಳಬೇಕಾಗಿಲ್ಲ, ನೀವು ಕಂಡದ್ದೇ. ತಾಂಡಾದಿಂದ ಹೆಣ್ಣುಮಗಳೊಬ್ಬಳು ಬಂದಿದ್ದಾಳೆ. ಆ ದಿನದ ಕೂಲಿ ಬಿಟ್ಟಿದ್ದಾಳೆ, ಎರಡು ಟಂಟಂ ಬದಲಿಸಿದ್ದಾಳೆ, ಸಣ್ಣ ಕೂಸನ್ನು ಪಕ್ಕದ ಮನೆಯ ಮುದುಕಿಯ ಹತ್ತಿರ ಬಿಟ್ಟಿದ್ದಾಳೆ. ನಾಲ್ಕು ತಿಂಗಳಿಂದ ಬಿಳಿ ಹೋಗುತ್ತಿದೆ, ಕಿಬ್ಬೊಟ್ಟೆ ಹಿಂಡುತ್ತದೆ, ಉಚ್ಚೆ ಹೊಯ್ಯುವಾಗ ಉರಿ. ಏನು ಹೇಳಬೇಕು ಎನ್ನುವುದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಾಳೆ. ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು, ಮೇಜಿನ ಮುಂದೆ ಬಂದಾಗ ಅಲ್ಲಿ ಇನ್ನೂ ಮೂವರು ನಿಂತಿದ್ದಾರೆ. ಒಬ್ಬ ಗಂಡಸು ಫೈಲು ಹಿಡಿದಿದ್ದಾನೆ. ಬಾಗಿಲು ತೆರೆದೇ ಇದೆ. ಪರದೆ ಇರಬೇಕಾದಲ್ಲಿ ಬರೀ ತಂತಿ ಇದೆ. “ಏನಾಗೇತಿ? ಲಗೂನ ಹೇಳು” ಎಂಬ ಮಾತು ಬರುತ್ತದೆ. ಜೋಡಿಸಿಕೊಂಡು ಬಂದದ್ದೆಲ್ಲ ಗಂಟಲಲ್ಲೇ ಉಳಿಯುತ್ತದೆ. “ಹೊಟ್ಟಿ ನೋವ್ರಿ” ಎನ್ನುತ್ತಾಳೆ. ಹೊಟ್ಟೆನೋವಿನ ಗುಳಿಗೆ ಸಿಗುತ್ತದೆ. ಗೇಟಿನ ಹೊರಗೆ ಬೈಕಿನ ಮೇಲೆ ಕಾಯುತ್ತಿದ್ದ ಗಂಡ “ಏನಂದ್ರು?” ಎನ್ನುತ್ತಾನೆ. “ಏನಿಲ್ಲಂತ.” ಅಷ್ಟೇ. ಆ ನೋವು ಅದೇ ಟಂಟಂ ಹತ್ತಿ ತಾಂಡಾಕ್ಕೆ ವಾಪಸು ಹೋಗುತ್ತದೆ.

ಆ ಮೇಜಿನ ಹಿಂದೆ ಕೂತ ಡಾಕ್ಟರೂ ಕೆಟ್ಟವರಲ್ಲ. ಅವರ ಮುಂದೆ ನೂರು ಚೀಟಿಗಳಿವೆ, ಮಧ್ಯಾಹ್ನ ಮೀಟಿಂಗ್ ಇದೆ, ಸಂಜೆ ವರದಿ ಕಳಿಸಬೇಕು. ಆದರೂ ಆಕೆಯನ್ನು ಯಾರೂ ಕೇಳಲಿಲ್ಲ.

ಇನ್ನು ನಾಳೆ ಯಾರೋ ಕಾಗದ ಪೆನ್ನು ಹಿಡಿದು ಅದೇ ತಾಂಡಾಕ್ಕೆ ಹೋಗಿ, ನಿನಗೆ ದವಾಖಾನೆಯ ಸೇವೆ ಸಮಾಧಾನ ತಂದಿತೇನವ್ವಾ ಎಂದು ಕೇಳುತ್ತಾರೆ ಎಂದುಕೊಳ್ಳಿ. ಆಕೆ ಏನೆನ್ನುತ್ತಾಳೆ? “ಚಲೋ ಐತ್ರಿ. ಏನ್ ತ್ರಾಸ ಇಲ್ರಿ.” ನಮ್ಮ ಹೆಣ್ಣುಮಕ್ಕಳು ಹಾಗೇ ಹೇಳುತ್ತಾರೆ. ದವಾಖಾನೆಯಿಂದ ಜೀವ ಸಹಿತ ಮನೆಗೆ ಬಂದರೆ ಅದೇ ದೊಡ್ಡದು ಎಂದುಕೊಂಡವಳು, ಯಾರೂ ಬೈಯದಿದ್ದರೆ ಅದನ್ನೇ ಪ್ರೀತಿ ಎಂದುಕೊಂಡವಳು, ತನಗೆ ಇದಕ್ಕಿಂತ ಹೆಚ್ಚು ಸಲ್ಲಬೇಕಿತ್ತು ಎಂದು ಹುಟ್ಟಿದಾಗಿನಿಂದ ಯಾರ ಬಾಯಲ್ಲೂ ಕೇಳದವಳು, ಬೇರೆ ಏನು ಹೇಳಿಯಾಳು? ಆಕೆಯ ಆ “ಚಲೋ ಐತ್ರಿ”ಯನ್ನು ನಾವು ನಮ್ಮ ವ್ಯವಸ್ಥೆಗೆ ಸಿಕ್ಕ ಶಿಫಾರಸು ಪತ್ರ ಮಾಡಿಕೊಂಡಿದ್ದೇವೆ. ಏನನ್ನೂ ಬಯಸದಂತೆ ಬೆಳೆಸಿದವಳ ಸಮಾಧಾನವನ್ನು ತೋರಿಸಿ ನಾವು ಸಮಾಧಾನಪಟ್ಟುಕೊಂಡಿದ್ದೇವೆ. ನನ್ನ ಅಳಲೆಲ್ಲ ಇದೊಂದರಲ್ಲೇ ಇದೆ.

ಆದದ್ದನ್ನು ಆಗಿದೆ ಎನ್ನಬೇಕು. ಮನೆಯ ಕತ್ತಲು ಕೋಣೆಯಲ್ಲಿ ಕುಡಗೋಲಿನಿಂದ ಹೊಕ್ಕಳುಬಳ್ಳಿ ಕತ್ತರಿಸುತ್ತಿದ್ದ ಕಾಲದಿಂದ ನಾವು ಬಹಳ ದೂರ ಬಂದಿದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ದವಾಖಾನೆಯಲ್ಲೇ ಆಗುತ್ತವೆ. 2008ರಿಂದ 108ರ ಗಾಡಿ ಓಡುತ್ತಿದೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ದವಾಖಾನೆಯ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲ ಉಚಿತ. ತಾಯಿ ಕಾರ್ಡ್ ಹಿಡಿದು ಮನೆಮನೆ ಅಲೆಯುವ ಆಶಾ ಕಾರ್ಯಕರ್ತೆಯರ ಚಪ್ಪಲಿ ಸವೆದದ್ದನ್ನು ನೀವು ನೋಡಿದ್ದೀರಿ. ಅವರ ದುಡಿಮೆಗೆ ಕೈಮುಗಿಯುತ್ತೇನೆ. ಆದರೆ ದವಾಖಾನೆಯ ಬಾಗಿಲವರೆಗೆ ಆಕೆಯನ್ನು ಮುಟ್ಟಿಸಿದ ನಾವು, ಒಳಗೆ ಹೋದ ಮೇಲೆ ಆಕೆಗೆ ಏನಾಯಿತು ಎಂದು ಕೇಳುವುದನ್ನು ಬಿಟ್ಟೆವು. ಬ್ಯಾನಿ ತಿನ್ನುವಾಗ ಚೀರಿದ್ದಕ್ಕೆ ತೊಡೆಗೆ ಬಿದ್ದ ಏಟು, ಗಂಡನ ಹತ್ತಿರ ಹೋಗುವಾಗ ಇದು ನೆನಪಿರಲಿಲ್ಲವೇನು ಎಂಬ ಆ ಮಾತು, ಹೆಣ್ಣು ಹುಟ್ಟಿತೆಂದು ಸಪ್ಪಗಾದ ಮುಖಗಳು, ಗಂಡು ಹುಟ್ಟಿತೆಂದು ಚಾಚಿದ ಕೈಗಳು. ಹೆರಿಗೆ ಕೋಣೆಯಲ್ಲಿ ಹೆಣ್ಣಿಗೆ ಮರ್ಯಾದೆ ಸಿಗಬೇಕೆಂದೇ ಕೇಂದ್ರ ಸರ್ಕಾರ 2017ರಲ್ಲಿ ‘ಲಕ್ಷ್ಯ’ ಎಂಬ ಕಾರ್ಯಕ್ರಮ ತಂದಿತು. ಮರ್ಯಾದೆಗೆ ಒಂದು ಸರ್ಕಾರಿ ಕಾರ್ಯಕ್ರಮ ಬೇಕಾಯಿತು ಎನ್ನುವುದನ್ನು ಒಂದು ಕ್ಷಣ ಮನಸ್ಸಿಗೆ ತಂದುಕೊಳ್ಳಿ.

ಈಗ ಇನ್ನೊಂದು ಮಾತು, ಇದು ಗಂಡಸರಿಗೆ. ಅದೇ ಸಮೀಕ್ಷೆ ಹೇಳುತ್ತದೆ, ಕರ್ನಾಟಕದ ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಪಾಲು ನೂರಕ್ಕೆ ಒಂದೂ ಇಲ್ಲ. ಬಸಿರು ಆಕೆಯದು, ಬ್ಯಾನಿ ಆಕೆಯದು, ಬಾಣಂತನ ಆಕೆಯದು, ಕೊನೆಗೆ ಸಾಕು ಎನಿಸಿದಾಗ ಹೊಟ್ಟೆ ಕೊಯ್ಸಿಕೊಳ್ಳುವ ಸರದಿಯೂ ಆಕೆಯದೇ. ತುರ್ತು ಪರಿಸ್ಥಿತಿಯ ದಿನಗಳಲ್ಲಿ, 1976ರ ಸುಮಾರಿಗೆ, ಗಂಡಸರನ್ನು ಹಿಡಿದು ಹಿಡಿದು ಆಪರೇಷನ್ ಮಾಡಿದರು. ಅದು ಅನ್ಯಾಯ, ಇಡೀ ದೇಶ ಸಿಟ್ಟಿಗೆದ್ದಿತು, ಸರ್ಕಾರವೇ ಬಿತ್ತು. ಆಮೇಲೆ ಆ ಭಾರ ಸದ್ದಿಲ್ಲದೆ ಹೆಣ್ಣಿನ ಹೆಗಲಿಗೆ ದಾಟಿತು, ಯಾರೂ ಸಿಟ್ಟಿಗೇಳಲಿಲ್ಲ. ಹದಿನೇಳಕ್ಕೆ ಮದುವೆ, ಇಪ್ಪತ್ತೆರಡಕ್ಕೆ ಎರಡೋ ಮೂರೋ ಮಕ್ಕಳು, ಅದಾದ ಮೇಲೆ ಆಪರೇಷನ್: ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಯೌವನದ ಕಥೆ ಇಷ್ಟರಲ್ಲಿ ಮುಗಿದುಹೋಗುತ್ತದೆ. ಮೊದಲ ಕೂಸಿಗೂ ಎರಡನೆಯದಕ್ಕೂ ನಡುವೆ ಮೂರು ವರ್ಷ ಬಿಡು ಎಂದು ಆಕೆಗೆ ಹೇಳುವವರಿಲ್ಲ. ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ‘ಅಂತರಾ’ ಇಂಜೆಕ್ಷನ್, ಹಾರ್ಮೋನ್ ಇಲ್ಲದ ‘ಛಾಯಾ’ ಗುಳಿಗೆ 2017ರಿಂದಲೇ ಸರ್ಕಾರದ ಯೋಜನೆಯಲ್ಲಿವೆ, ಪೈಸೆ ಖರ್ಚಿಲ್ಲ. ಕಾಪರ್-ಟಿ ಹಾಕುವುದಾದರೆ ತಿಳಿಸಿ, ಒಪ್ಪಿಗೆ ಪಡೆದೇ ಹಾಕಬೇಕು ಎಂಬ ನಿಯಮವಿದೆ. ಇವನ್ನೆಲ್ಲ ಮುಂದಿಟ್ಟು, ಇದರಲ್ಲಿ ನಿನಗೆ ಯಾವುದು ಒಗ್ಗುತ್ತದೆ ತಂಗಿ ಎಂದು ಆಕೆಯನ್ನು ಕೇಳಿದವರು ಎಷ್ಟು ಜನ? ಅತ್ತೆಯನ್ನು ಕೇಳಿದರು. ಗಂಡನನ್ನು ಕೇಳಿದರು. ಆಕೆಯನ್ನು ಯಾರೂ ಕೇಳಲಿಲ್ಲ.

ಸಂತಾನ ನಿಯಂತ್ರಣ ನಮ್ಮ ನೆಲಕ್ಕೆ ಹೊಸ ಮಾತೂ ಅಲ್ಲ. ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲೇ, 1921ರಲ್ಲಿ, ರಘುನಾಥ ಧೋಂಡೊ ಕರ್ವೆ ಅವರು ಮುಂಬೈಯಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆದು, ಅದಕ್ಕಾಗಿ ಜೀವಮಾನವಿಡೀ ಜನರ ಬೈಗುಳ ತಿಂದರು. 1930ರಲ್ಲಿ ಮೈಸೂರು ಸಂಸ್ಥಾನವು ಸರ್ಕಾರದಿಂದಲೇ ಇಂಥ ಚಿಕಿತ್ಸಾಲಯಗಳನ್ನು ತೆರೆಯಿತು. ಜಗತ್ತಿನಲ್ಲೇ ಒಂದು ಸರ್ಕಾರ ಹಾಗೆ ಮಾಡಿದ್ದು ಅದೇ ಮೊದಲು ಎನ್ನುತ್ತಾರೆ. ಹೆತ್ತಜ್ಜಿಯ ಕಾಲದಲ್ಲಿ ಈ ನಾಡು ತೋರಿಸಿದ ಧೈರ್ಯ ಮೊಮ್ಮಗಳ ಕಾಲಕ್ಕೆ ಎಲ್ಲಿ ಸೋರಿಹೋಯಿತು?

ಗರ್ಭಚೀಲದ ಮಾತಿಗೆ ಬರುತ್ತೇನೆ. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ. ಒಂದು ಊರಿಗೆ ಹೋಗಿ ಮೂವತ್ತೈದು, ನಲವತ್ತು ವಯಸ್ಸಿನ ಹೆಣ್ಣುಮಕ್ಕಳ ಜೊತೆ ಕಟ್ಟೆಯ ಮೇಲೆ ಕೂತು ಮಾತಾಡಿ. “ನಂದು ತಗಸೇದಾರ್ರಿ” ಎಂಬ ಮಾತು, ಹುಳುಕು ಹಲ್ಲು ಕೀಳಿಸಿದ ಸುದ್ದಿ ಹೇಳಿದಷ್ಟೇ ಸರಳವಾಗಿ ಬರುತ್ತದೆ. ಬಿಳಿ ಹೋಗುತ್ತಿತ್ತು, ಮುಟ್ಟು ಹೆಚ್ಚಾಗುತ್ತಿತ್ತು, ಗರ್ಭಚೀಲ ಕೆಟ್ಟಿದೆ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದರು, ಬಂಗಾರ ಅಡವಿಟ್ಟು ತೆಗೆಸಿದೆವು. 2015ರಲ್ಲಿ ನಮ್ಮ ನೆರೆಯ ಕಲಬುರಗಿಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಬೀದಿಗೆ ಬಂದು, ಬೇಡದಿದ್ದರೂ ನಮ್ಮ ಗರ್ಭಚೀಲ ತೆಗೆದರು ಎಂದು ಕೂಗಿದಾಗ ಈ ನಾಡಿಗೆ ಆ ದನಿ ಕೇಳಿಸಿತು. ಗಡಿಯಾಚೆ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನು 2019ರಲ್ಲಿ ಮಹಾರಾಷ್ಟ್ರ ಸರ್ಕಾರವೇ ಮಾತಾಡಿಸಿತು: 82,309 ಮಂದಿಯಲ್ಲಿ 13,861 ಮಂದಿಗೆ ಗರ್ಭಚೀಲವೇ ಇರಲಿಲ್ಲ. ಮುಟ್ಟಾದರೆ ಕೆಲಸ ತಪ್ಪುತ್ತದೆ, ಕೆಲಸ ತಪ್ಪಿದರೆ ಕೂಲಿಗೆ ಕರೆತಂದ ಮುಕಾದಮ ದಂಡ ಹಾಕುತ್ತಾನೆ, ಪಡೆದ ಮುಂಗಡ ತೀರುವುದಿಲ್ಲ. ಹಾಗಾಗಿ ಮುಟ್ಟನ್ನೇ ತೆಗೆಸಿಬಿಟ್ಟರು. ನಮ್ಮ ತಾಂಡಾಗಳಿಂದಲೂ ಕಬ್ಬಿನ ಹಂಗಾಮಿಗೆ ಗಂಡ ಹೆಂಡತಿ ಕೂಸು ಕುನ್ನಿ ಕಟ್ಟಿಕೊಂಡು ಗಡಿಯಾಚೆ ಹೋಗುತ್ತಾರೆ. ಅವರಿಗೆ ಏನಾಗಿದೆ ಎಂದು ಊರಿಗೆ ಬಂದ ಮೇಲೆ ಯಾರು ಕೇಳಿದ್ದೀರಿ?

ಗರ್ಭಚೀಲ ತೆಗೆದ ಮೇಲೆ ನೋವು ಮುಗಿಯಿತು ಎಂದುಕೊಳ್ಳುತ್ತೇವೆ. ಎಳೆಯ ವಯಸ್ಸಿನಲ್ಲಿ, ಅದರಲ್ಲೂ ಅಂಡಾಶಯ ಸಹಿತ ತೆಗೆದರೆ, ಮೂವತ್ತೈದಕ್ಕೇ ಮುಪ್ಪು ಬಂದಂತೆ ಮೂಳೆ ಸವೆಯುತ್ತದೆ, ಎದೆ ಹಾರುತ್ತದೆ, ಮೈ ಬೆಂದಂತಾಗುತ್ತದೆ, ನಿದ್ದೆ ಓಡಿಹೋಗುತ್ತದೆ. ಆಮೇಲೆ ಅದಕ್ಕೂ ಗುಳಿಗೆ, ಅದಕ್ಕೂ ಸಾಲ. ಬೇಡದ ಈ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಅಲ್ಲಿ ಆಡಿದ ಮಾತು ಕನಮಡಿಯ, ಹೊನವಾಡದ, ಮಮದಾಪುರದ, ನಿಡೋಣಿಯ ಹೆಣ್ಣುಮಗಳ ಕಿವಿಗೆ ಮುಟ್ಟಿದೆಯೇ? ಎರಡನೇ ಡಾಕ್ಟರನ್ನು ಕೇಳುವ ಹಕ್ಕು ತನಗಿದೆ ಎನ್ನುವುದು ಆಕೆಗೆ ಗೊತ್ತಿದೆಯೇ? ನಿಮಗೆ ಗೊತ್ತು. ಗೊತ್ತಿದ್ದವರು ಹೇಳದಿದ್ದರೆ ಆಕೆಗೆ ಇನ್ಯಾರು ಹೇಳಬೇಕು?

ಕ್ಯಾನ್ಸರಿನ ಹೆಸರು ಹೇಳಿ ಆಕೆಯನ್ನು ಹೆದರಿಸುವ ನಾವೇ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಯನ್ನು ಮಾಡಿಸುವುದಿಲ್ಲ. ತೆಳು ಅಸಿಟಿಕ್ ಆಮ್ಲದಲ್ಲಿ ಹತ್ತಿಯನ್ನು ಅದ್ದಿ ಹಚ್ಚಿ ನೋಡುವ ಪರೀಕ್ಷೆ, ಕೆಲವೇ ನಿಮಿಷದ್ದು. ಮೂವತ್ತು ದಾಟಿದವರೆಲ್ಲ ಮಾಡಿಸಬೇಕಾದದ್ದು. 2019–21ರ ಆ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ ಕರ್ನಾಟಕದಲ್ಲಿ ಅದನ್ನು ಮಾಡಿಸಿಕೊಂಡಿದ್ದವರು ನೂರಕ್ಕೆ ಒಬ್ಬರೂ ಇರಲಿಲ್ಲ.

ಇನ್ನು ಎಳೆಯ ಹುಡುಗಿಯರು. ಬಾಲ್ಯವಿವಾಹ ಹೆಚ್ಚಿರುವ ಜಿಲ್ಲೆಗಳ ಸಾಲಿನಲ್ಲಿ ನಮ್ಮ ವಿಜಯಪುರ ಮುಂದೆಯೇ ಇದೆ ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ. ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯ ತೊರವಿಯ ಹತ್ತಿರ ಇದೆ, ಸುತ್ತಲಿನ ಹಳ್ಳಿಗಳಿಂದ ಹತ್ತನೇ ಇಯತ್ತೆ ಮುಗಿಸದ ಹುಡುಗಿಯರು ಅರಿಶಿಣ ಹಚ್ಚಿಸಿಕೊಂಡು ಹೊರಡುತ್ತಲೇ ಇದ್ದಾರೆ. ಆ ಮದುವೆಗೆ ಅಕ್ಷತೆ ಹಾಕಿದವರಲ್ಲಿ ನೀವೂ ಇದ್ದಿರಬಹುದು. ಹದಿನಾರಕ್ಕೆ ಬಸಿರಾದ ಹುಡುಗಿ ಪೊಲೀಸು, ಮಕ್ಕಳ ರಕ್ಷಣೆಯ ಪೋಕ್ಸೊ ಕಾಯ್ದೆ ಎಂಬ ಹೆದರಿಕೆಯಲ್ಲಿ ದವಾಖಾನೆಯ ಕಡೆ ಮುಖ ಹಾಕುವುದಿಲ್ಲ; ಮೆಡಿಕಲ್ ಶಾಪಿನಿಂದ ಯಾರೋ ತಂದುಕೊಟ್ಟ ಗುಳಿಗೆ ನುಂಗಿ ಮನೆಯ ಮೂಲೆಯಲ್ಲಿ ರಕ್ತ ಸುರಿಸುತ್ತಾಳೆ. ಸುರಕ್ಷಿತ ಗರ್ಭಪಾತ ಈ ದೇಶದಲ್ಲಿ 1971ರಿಂದ ಕಾನೂನಿನ ಒಳಗೇ ಇದೆ. ಮದುವೆಯಾಗದವಳಿಗೂ ಅದೇ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಹೇಳಿತು. ಅಪ್ರಾಪ್ತ ಹುಡುಗಿ ಬಂದರೆ, ಆಕೆ ಮತ್ತು ಪೋಷಕರು ಕೋರಿದಲ್ಲಿ, ಡಾಕ್ಟರು ಪೊಲೀಸರಿಗೆ ಆಕೆಯ ಹೆಸರು ಗುರುತು ತಿಳಿಸಬೇಕಾಗಿಲ್ಲ ಎಂದೂ ಹೇಳಿತು. ಆ ಮಾತನ್ನು ಆಕೆಯ ತನಕ ಒಯ್ಯುವವರು ಬೇಕು.

ಮತ್ತೆ ದವಾಖಾನೆಯ ಒಳಗೆ ಬರೋಣ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ, ಗ್ಲೂಕೋಸಿನಂತೆ ಏರಿಸುವ ದ್ರಾವಣದ ಮೇಲೆ ಅನುಮಾನ ಬಂದಾಗ, ನಾಡೆಲ್ಲ ಬೆಚ್ಚಿತು. ಕೆಲವು ವಾರ, ಅಷ್ಟೇ. 2025ರಲ್ಲಿ ನಮ್ಮೂರಿಗೆ ಖಾಸಗಿ ಪಾಲುದಾರಿಕೆ ಬೇಡ, ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂದು ವಿಜಯಪುರದ ಜನ ಬೀದಿಯಲ್ಲಿ ಕೂತರು. ಸರಿಯಾಗಿಯೇ ಕೂತರು. ಬಡವರ ದವಾಖಾನೆ ಬಡವರದ್ದೇ ಆಗಿ ಉಳಿಯಬೇಕು ಎಂದು ಕೇಳಿದ ಆ ದನಿಯಲ್ಲಿ, ಆ ದವಾಖಾನೆಯ ಹೆರಿಗೆ ಕೋಣೆಯಲ್ಲಿ ಆಕೆಗೆ ಒಂದು ಪರದೆ, ಪಕ್ಕದಲ್ಲಿ ತವರಿನ ಒಬ್ಬ ಹೆಂಗಸು, ಒಂದು ಮೆತ್ತನೆಯ ಮಾತು ಬೇಕು ಎಂಬುದೂ ಸೇರಲಿ ಎಂದಷ್ಟೇ ಬೇಡುತ್ತೇನೆ.

ದ್ರಾಕ್ಷಿ ಬೆಳೆದವರು ಬಳ್ಳಿಯ ಮಾತು ಬಲ್ಲಿರಿ. ಬಳ್ಳಿ ಸವರುವ ಏಪ್ರಿಲ್ ಚಾಟ್ನಿ ಯಾವಾಗ, ಅಕ್ಟೋಬರ್ ಚಾಟ್ನಿ ಯಾವಾಗ, ಗೊಂಚಲನ್ನು ಯಾವ ದಿನ ಔಷಧದಲ್ಲಿ ಅದ್ದಬೇಕು, ಹನಿ ನೀರು ಎಷ್ಟು ತಾಸು ಬಿಡಬೇಕು. ಎಲೆಯ ಅಂಚು ತುಸು ಹಳದಿಯಾದರೂ ನಿಮಗೆ ನಿದ್ದೆ ಬರುವುದಿಲ್ಲ, ಎಲೆ ಕಿತ್ತು ತೋರಿಸಲು ಊರಿಗೆ ಓಡುತ್ತೀರಿ. ಅದೇ ಬಳ್ಳಿಯ ಕೆಳಗೆ ದಿನವಿಡೀ ಕೈ ಮೇಲೆತ್ತಿ ಗೊಂಚಲು ಬಿಡಿಸುವ ಹೆಣ್ಣಾಳಿನ ಮುಖ ಬಿಳಿಚಿಕೊಂಡದ್ದು ಕಾಣಿಸಿದೆಯೇ? ರಾಜ್ಯದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಆಕೆ ಉಚ್ಚೆಗೆ ಹೋಗಲು ಪಡದಲ್ಲಿ ಒಂದು ಮರೆ ಇಲ್ಲವೆಂದು ಬೆಳಗಿನಿಂದ ನೀರು ಕುಡಿಯದೆ ಇದ್ದಾಳೆ. ಮುಟ್ಟಿನ ಬಟ್ಟೆ ಬದಲಿಸಲು ಜಾಗವಿಲ್ಲವೆಂದು ಸಂಜೆಯವರೆಗೂ ಅದರಲ್ಲೇ ನಿಂತಿದ್ದಾಳೆ. ಒಣದ್ರಾಕ್ಷಿಯ ಶೆಡ್ಡಿಗೆ ನಾಲ್ಕು ತಗಡು ಹೆಚ್ಚು ಹಾಕಿಸುವವರಿಗೆ ಆ ಮರೆ ಕಟ್ಟಿಸುವುದು ದೊಡ್ಡ ಮಾತೇ?

ಅಣ್ಣಂದಿರೇ, ಗಂಡಸರ ಆಪರೇಷನ್ನಿಗೆ ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಹಾಕುವುದಿಲ್ಲ. ಅರ್ಧ ತಾಸಿನೊಳಗಿನ ಕೆಲಸ, ಅದೇ ದಿನ ಮನೆಗೆ ನಡೆದು ಬರುತ್ತೀರಿ, ಮುಂದಿನ ಮೂರು ತಿಂಗಳು ನಿರೋಧ್ ಬಳಸಬೇಕು. ಕಸುವು ಹೋಗುವುದಿಲ್ಲ. ಮೂರು ಸಲ ಸಾವಿನ ಬಾಗಿಲವರೆಗೆ ಹೋಗಿಬಂದವಳನ್ನು ನಾಲ್ಕನೇ ಸಲ ನೀವು ತಡೆದು ನಿಲ್ಲಿಸಿ, ಈ ಸಲ ನಾ ಹೋಗತೀನಿ ಎನ್ನಿ. ಅತ್ತೆಯರೇ, ನೀವು ಉಂಡ ನೋವನ್ನೇ ಸೊಸೆಗೂ ಬಡಿಸಬೇಡಿ. ನಾವೆಲ್ಲ ಹಡೆದಿಲ್ಲೇನು ಎಂಬ ಮಾತನ್ನು ಬಾಯಿಗೆ ಬಂದರೂ ನುಂಗಿಕೊಳ್ಳಿ. ಸಿಸ್ಟರುಗಳೇ, ನಿಮ್ಮ ಕೈ ಸೋತದ್ದು, ಪಾಳಿಯ ಮೇಲೆ ಪಾಳಿ ಮಾಡಿ ಕಾಲು ಬಾತದ್ದು ಗೊತ್ತು, ಆದರೂ ಆ ಮಂಚದ ಮೇಲೆ ಮಲಗಿದವಳು ನಿಮ್ಮ ತಂಗಿಯ ವಯಸ್ಸಿನವಳು. ಮಾಸ್ತರರೇ, ಬಾಯಾರೇ, ಮುಟ್ಟಿನ ಪಾಠ ಬಂದಾಗ ಮನೆಯಲ್ಲಿ ಓದಿಕೊಳ್ಳಿ ಎಂದು ಪುಟ ತಿರುವಬೇಡಿ. ಸ್ವಾಮಿಗಳೇ, ಮೌಲಾನಾಗಳೇ, ಮಠದ ಪ್ರವಚನದಲ್ಲಿ, ಶುಕ್ರವಾರದ ಮಾತಿನಲ್ಲಿ ಒಂದು ಸಲ ಇದನ್ನು ಹೇಳಿ. ನೀವು ಹೇಳಿದರೆ ಈ ಸೀಮೆ ಕೇಳುತ್ತದೆ.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ದವಾಖಾನೆಗಳಲ್ಲಿ ಬಸುರಿಯರ ತಪಾಸಣೆಯ ದಿನ. ಆ ದಿನ ಪಡದ ಕೆಲಸವಿದ್ದರೂ ಆಕೆಯನ್ನು ಬಿಡಿ, ಕೂಲಿ ಹಿಡಿಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಆರೋಗ್ಯ ರಕ್ಷಾ ಸಮಿತಿ ಇದೆ, ಅದರ ಕೈಯಲ್ಲಿ ಅಷ್ಟಿಷ್ಟು ದುಡ್ಡೂ ಇರುತ್ತದೆ. ಒಂದು ಪರದೆ, ಒಂದು ಚಿಲಕವಿರುವ ಬಾಗಿಲು, ಬಚ್ಚಲಲ್ಲಿ ನೀರು, ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಒಳಗೆ ಹೋಗುವ ಪದ್ಧತಿ, ಇಷ್ಟನ್ನು ಆ ಸಮಿತಿಯ ಮುಂದಿನ ಸಭೆಯಲ್ಲಿ ಬರೆಸಿ. ಆ ಸಭೆಗೆ ಸದಸ್ಯರು, ಸಾಹೇಬರು, ಹಿರಿಯರು ಕೂಡಿದಾಗ ಸೋಮದೇವರಹಟ್ಟಿಯ ತಾಂಡಾದಿಂದಲೋ ಸಾರವಾಡದ ಕೇರಿಯಿಂದಲೋ ಹಡೆದು ವರ್ಷವಾಗದ ಒಬ್ಬಳನ್ನು ಕರೆಸಿ, ಕುರ್ಚಿ ಕೊಟ್ಟು ಕೂಡಿಸಿ. ಒಳಗೆ ಏನಾಯಿತು ಎಂದು ಕೇಳಿ. ಮೊದಲು ಆಕೆ ಚಲೋ ಐತ್ರಿ ಎಂದೇ ಅಂದಾಳು. ಇನ್ನೊಮ್ಮೆ ಕೇಳಿ, ಆಕೆ ಮಾತು ಮುಗಿಸುವ ತನಕ ಯಾರೂ ಎದ್ದು ಹೋಗಬೇಡಿ.